ಯೂರಿಯಾ ಚೀಲದೊಳಗಿನ ಗಾಳಿ: ಅಮೋನಿಯ ತಯಾರಾಗುವುದು ಹೇಗೆ, ಗದ್ದೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೇಗೆ

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಂದು ಭತ್ತದ ನಾಟಿ ಮುಗಿಯಿತೆಂದರೆ, ಮುಂದಿನ ಮಾತೆಲ್ಲ ಯೂರಿಯಾದ್ದೇ. 45 ಕೆ.ಜಿ. ಚೀಲದಲ್ಲಿ ಪೈರಿಗೆ ಬೇಕಾದ ಸಾರಜನಕ ಇರುವುದು ನೂರಕ್ಕೆ 46 ಪಾಲು, ಅಂದರೆ 20.7 ಕೆ.ಜಿ. ಅಷ್ಟೂ ಬಂದಿರುವುದು ಗಾಳಿಯಿಂದ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ, ಅದರ ಪರಮಾಣುಗಳು ಎರಡೆರಡಾಗಿ ಬಿಗಿಯಾಗಿ ಹೆಣೆದುಕೊಂಡಿರುವುದರಿಂದ ಭತ್ತದ ಬೇರಿಗೆ ಅದು ದಕ್ಕುವುದಿಲ್ಲ. ಆ ಹೆಣಿಗೆಯನ್ನು ಬಿಡಿಸಿ ಜಲಜನಕದೊಡನೆ ಕೂಡಿಸಿದಾಗ ಸಿಗುವುದೇ ಅಮೋನಿಯ. 1909ರಲ್ಲಿ ಜರ್ಮನಿಯ ಫ್ರಿಟ್ಜ್ ಹೇಬರ್ ಇದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೆ ಬೆಳೆಸಿ, 1913ರಲ್ಲಿ ಒಪ್ಪಾವ್ ಎಂಬಲ್ಲಿ ಉತ್ಪಾದನೆ ಆರಂಭವಾಯಿತು. ಮರುವರ್ಷವೇ ಮಹಾಯುದ್ಧ ಶುರುವಾದ್ದರಿಂದ ಅದೇ ಅಮೋನಿಯ ಸಿಡಿಮದ್ದಿಗೂ ಹೋಯಿತು.

ಮೊದಲ ಕೆಲಸ ಜಲಜನಕವನ್ನು ಪಡೆಯುವುದು. ಮಂಗಳೂರಿನ ಪಣಂಬೂರಿನಲ್ಲಾಗಲಿ, ನಮ್ಮ ನೆರೆಯ ತೆಲಂಗಾಣದ ರಾಮಗುಂಡಂನಲ್ಲಾಗಲಿ ಇದಕ್ಕೆ ಕಚ್ಚಾವಸ್ತು ಕೊಳವೆಯಲ್ಲಿ ಬರುವ ನೈಸರ್ಗಿಕ ಅನಿಲ. ಗಂಧಕ ಸ್ವಲ್ಪ ಉಳಿದರೂ ಮುಂದಿನ ನಿಕ್ಕಲ್ ವೇಗವರ್ಧಕ (ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು) ಕೆಡುವುದರಿಂದ, ಮೊದಲೇ ಅದನ್ನು ತೆಗೆದುಹಾಕಲಾಗುತ್ತದೆ. ಬಳಿಕ ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅನಿಲವನ್ನು ನೀರಿನ ಹಬೆಯೊಡನೆ ಹಾಯಿಸಿದರೆ ಜಲಜನಕವೂ ಕಾರ್ಬನ್ ಮೊನಾಕ್ಸೈಡೂ ಹುಟ್ಟುತ್ತವೆ. ಎರಡನೆಯ ಕುಲುಮೆಗೆ ಗಾಳಿಯನ್ನು ನುಗ್ಗಿಸಲಾಗುತ್ತದೆ. ಗಾಳಿಯ ಆಮ್ಲಜನಕ ಅಲ್ಲಿ ಉರಿದುಹೋಗಿ ಸಾರಜನಕ ಮಾತ್ರ ಉಳಿಯುತ್ತದೆ. ಕೊನೆಗೆ ಒಂದು ಪಾಲು ಸಾರಜನಕಕ್ಕೆ ಮೂರು ಪಾಲು ಜಲಜನಕ ಇರುವಂತೆ ಗಾಳಿಯ ಅಳತೆಯನ್ನು ಮೊದಲೇ ಹೊಂದಿಸಿರುತ್ತಾರೆ. ಕಾರ್ಬನ್ ಮೊನಾಕ್ಸೈಡನ್ನು ಮತ್ತೆ ಹಬೆಯೊಡನೆ ಸೇರಿಸಿ ಇಂಗಾಲದ ಡೈಆಕ್ಸೈಡ್ ಆಗಿಸುತ್ತಾರೆ, ಅದನ್ನು ದ್ರಾವಣವೊಂದರಲ್ಲಿ ಹೀರಿಸಿ ಬೇರೆ ಇಡುತ್ತಾರೆ. ಇದು ಕಸವಲ್ಲ, ಯೂರಿಯಾಕ್ಕೆ ಬೇಕು.

ಮುಖ್ಯ ಘಟ್ಟ ಮುಂದಿನದು. ಶುದ್ಧವಾದ ಮಿಶ್ರಣವನ್ನು ವಾಯುಮಂಡಲದ ಒತ್ತಡದ 150ರಿಂದ 250 ಪಟ್ಟು ಒತ್ತಿ, 400ರಿಂದ 500 ಡಿಗ್ರಿ ಕಾವಿನಲ್ಲಿ ಕಬ್ಬಿಣದ ವೇಗವರ್ಧಕದ ಮೇಲೆ ಹಾಯಿಸಲಾಗುತ್ತದೆ. ಇಲ್ಲೊಂದು ಇಕ್ಕಟ್ಟಿದೆ: ಕಾವು ಕಡಿಮೆಯಿದ್ದರೆ ಅಮೋನಿಯ ಹೆಚ್ಚು ಸಿಗಬೇಕು, ಆದರೆ ಕ್ರಿಯೆ ತೀರಾ ನಿಧಾನ, ಕಾವು ಏರಿಸಿದರೆ ಕ್ರಿಯೆ ಚುರುಕು, ಆದರೆ ಹುಟ್ಟಿದ ಅಮೋನಿಯ ಮತ್ತೆ ಒಡೆಯುತ್ತದೆ. ಆ ನಡುವಿನ ಕಾವಿನಲ್ಲಿಯೂ ಒಂದು ಸುತ್ತಿಗೆ ನೂರಕ್ಕೆ ಸುಮಾರು 15 ಪಾಲಷ್ಟೇ ಅಮೋನಿಯ ಆಗುವುದರಿಂದ, ಅದನ್ನು ತಂಪಾಗಿಸಿ ದ್ರವರೂಪದಲ್ಲಿ ಇಳಿಸಿಕೊಂಡು ಉಳಿದ ಅನಿಲವನ್ನು ಮತ್ತೆ ಮತ್ತೆ ಅದೇ ದಾರಿಯಲ್ಲಿ ತಿರುಗಿಸುತ್ತಾರೆ.

ಹೀಗೆ ದೊರೆತ ಅಮೋನಿಯವನ್ನು, ಬೇರೆ ಇಟ್ಟ ಇಂಗಾಲದ ಡೈಆಕ್ಸೈಡಿನೊಡನೆ ಮತ್ತೆ ಭಾರಿ ಒತ್ತಡದಲ್ಲಿ ಕೂಡಿಸಿದರೆ ಯೂರಿಯಾ. ಒಂದು ಚೀಲಕ್ಕೆ ಸುಮಾರು 25.5 ಕೆ.ಜಿ. ಅಮೋನಿಯ, 33 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬೇಕು, 13.5 ಕೆ.ಜಿ. ನೀರಾಗಿ ಬೇರೆಯಾಗುತ್ತದೆ. ಕರಗಿದ ಯೂರಿಯಾವನ್ನು ಎತ್ತರದ ಗೋಪುರದ ತುದಿಯಿಂದ ಹನಿಹನಿಯಾಗಿ ಬೀಳಿಸಿದಾಗ, ಎದುರಿನಿಂದ ಬರುವ ತಣ್ಣನೆಯ ಗಾಳಿಗೆ ಅದು ನಮಗೆ ಪರಿಚಿತವಾದ ಬಿಳಿ ಗುಂಡು ಕಾಳಾಗುತ್ತದೆ.

ಇಷ್ಟು ಕಷ್ಟಪಟ್ಟು ಕಟ್ಟಿದ ಅಮೋನಿಯ ನಮ್ಮ ಎರೆಭೂಮಿಯಲ್ಲಿ ಬಹಳ ಬೇಗ ಬಿಚ್ಚಿಕೊಳ್ಳುತ್ತದೆ. ಅನುಮಾನವಿದ್ದರೆ ಒಂದು ಗಾಜಿನ ಭರಣಿಗೆ ಒದ್ದೆ ಎರೆಮಣ್ಣು ಹಾಕಿ, ಮೇಲೆ ಒಂದು ಚಮಚ ಯೂರಿಯಾ ಉದುರಿಸಿ, ಮುಚ್ಚಳ ಬಿಗಿದಿಡಿ. ಮೂರ್ನಾಲ್ಕು ದಿನದ ಮೇಲೆ, ಮುಖವನ್ನು ದೂರ ಇಟ್ಟುಕೊಂಡು ತೆರೆದರೆ, ದನದ ಕೊಟ್ಟಿಗೆಯಲ್ಲಿ ಹಳೆಯ ಗಂಜಲದಿಂದ ಬರುವಂಥ ಘಾಟು ಮೂಗಿಗೆ ಹೊಡೆಯುತ್ತದೆ. ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಯೂರಿಯಾವನ್ನು ಒಡೆದು ಅಮೋನಿಯವಾಗಿಸಿದ್ದರ ಗುರುತು ಅದು. ಮಣ್ಣು ಕ್ಷಾರವಾದಷ್ಟೂ, ಬಿಸಿಲು ಏರಿದಷ್ಟೂ ಗಾಳಿಗೆ ಹೋಗುವ ಪಾಲು ಹೆಚ್ಚು. ಯೂರಿಯಾ ಕಾಳಿಗೆ ಬಳಿದ ಬೇವಿನ ಎಣ್ಣೆಯ ಲೇಪ ಇದನ್ನು ತಡೆಯುತ್ತದೆ ಎಂದು ಅನೇಕರು ನಂಬಿದ್ದಾರೆ. ಆದರೆ ಬೇವಿನ ಮುಖ್ಯ ಕೆಲಸ ಅದಕ್ಕಿಂತ ಮುಂದಿನ ಹಂತದ್ದು: ಮಣ್ಣಿನಲ್ಲಿ ಉಳಿದ ಅಮೋನಿಯ ನೈಟ್ರೇಟ್ ಎಂಬ ರೂಪಕ್ಕೆ ಮಾರ್ಪಟ್ಟು ನೀರಿನೊಡನೆ ಬಸಿದುಹೋಗುವುದನ್ನು ಅದು ನಿಧಾನಿಸುತ್ತದೆ.

ಆದ್ದರಿಂದ ಭತ್ತದ ಗದ್ದೆಯಲ್ಲಿ ಮೇಲುಗೊಬ್ಬರ ಕೊಡುವಾಗ ನಿಂತ ನೀರಿನ ಮೇಲೆ ಎರಚಬಾರದು. ನೀರನ್ನು ಬಸಿದು, ಕಳೆ ತೆಗೆದು, ಕೆಸರಿನ ಮೇಲೆ ಹಾಕಿ ಕೈಯಾಡಿಸಿ, ಒಂದೆರಡು ದಿನ ಬಿಟ್ಟು ಮತ್ತೆ ನೀರು ಕಟ್ಟಬೇಕು. ಹತ್ತಿಗಾದರೆ ಸಾಲಿನ ಪಕ್ಕ, ಗಿಡದ ಬುಡದಿಂದ ಎರಡು ಮೂರು ಅಂಗುಲ ಬಿಟ್ಟು ಹಾಕಿ ಮಣ್ಣು ಮುಚ್ಚುವುದು ಸರಿ.

ಪ್ರಮಾಣಕ್ಕೆ ಮಣ್ಣು ಪರೀಕ್ಷೆಯ ಚೀಟಿಯೇ ಆಧಾರ. ಅದರಲ್ಲಿ ಎಕರೆಗೆ 40 ಕೆ.ಜಿ. ಸಾರಜನಕ ಎಂದಿದೆ ಎಂದುಕೊಳ್ಳೋಣ. ತಳಗೊಬ್ಬರವಾಗಿ 50 ಕೆ.ಜಿ.ಯ ಒಂದು ಚೀಲ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕಿದ್ದರೆ 9 ಕೆ.ಜಿ. ಸಾರಜನಕ ಆಗಲೇ ಸೇರಿರುತ್ತದೆ. ಉಳಿದ 31 ಕೆ.ಜಿ.ಗೆ ಒಂದೂವರೆ ಚೀಲ ಯೂರಿಯಾ ಸಾಕು. ಈ ಡಿಎಪಿಯ ಪಾಲನ್ನು ಕಳೆಯಲು ಮರೆತರೆ ಯೂರಿಯಾ ಎರಡು ಚೀಲದ ಹತ್ತಿರ ಬರುತ್ತದೆ. ಆ ಒಂದೂವರೆ ಚೀಲವನ್ನೂ ಒಂದೇ ಸಲಕ್ಕೆ ಸುರಿಯದೆ, ತೆಂಡೆ ಒಡೆಯುವಾಗ ಒಮ್ಮೆ, ಹೊಡೆ ಕಟ್ಟುವ ಮುನ್ನ ಒಮ್ಮೆ ಹಾಕಬೇಕು.