ಗ್ಯಾರೇಜಿನ ಚಳಿಯಲ್ಲಿ ಮೂರು ಹಾವು, ತಿಂಗಳಿಗೆ 20 ಪೌಂಡ್ ಕರೆಂಟು

ಇಂಗ್ಲೆಂಡಿನ ಡರಮ್ ಪಕ್ಕದ ಹಳ್ಳಿಯಲ್ಲಿ ನಮ್ಮ ಮನೆ. ಹಾವು ಒಳಗೆ ಬೇಡ ಅಂತ ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು. ಹಾಗಾಗಿ ಎರಡು ರಾಯಲ್ ಪೈಥಾನ್, ಒಂದು ಕಾರ್ನ್ ಸ್ನೇಕ್, ಮೂರೂ ಗ್ಯಾರೇಜಿನಲ್ಲಿ. ಜನವರಿ ರಾತ್ರಿ ಅಲ್ಲಿ 5–6 ಡಿಗ್ರಿ. ಕೋಣೆಯನ್ನೇ ಬಿಸಿ ಮಾಡು, ಇಲ್ಲಾ ರಾಯಲ್ ಎರಡನ್ನೂ ಮಾರಿಬಿಡು ಅಂತ ಸಾಕುವವರೆಲ್ಲ ಹೇಳಿದರು. ಅದಾಗಿ ಎರಡು ಚಳಿಗಾಲ ಕಳೆದಿದೆ. ಹಾವೂ ಇವೆ, ಗ್ಯಾರೇಜೂ ತಣ್ಣಗೇ ಇದೆ.

ಮೊದಲು ಅವರ ಮಾತನ್ನೇ ಕೇಳಿದ್ದೆ. 2022ರ ಡಿಸೆಂಬರ್‌ನ ಚಳಿಗೆ ಒಂದು ಎಣ್ಣೆ ರೇಡಿಯೇಟರ್ ತಂದಿಟ್ಟೆ. ದಿನಕ್ಕೆ 17–18 ಯೂನಿಟ್ ತಿಂದಿತು. ಆಗ ಯೂನಿಟ್‌ಗೆ 34 ಪೆನ್ನಿ. ಅಂದರೆ ದಿನಕ್ಕೆ 6 ಪೌಂಡ್! ನಾಲ್ಕನೇ ದಿನ ಆರಿಸಿದೆ. ಆಮೇಲೆ ಒಂದೊಂದು ವಿವೇರಿಯಂಗೂ (ಹಾವಿರುವ ಮರದ ಪೆಟ್ಟಿಗೆ, ಮುಂದೆ ಗಾಜು) 150 ವ್ಯಾಟ್‌ನ ಸೆರಾಮಿಕ್ ಹೀಟರ್ ಹಾಕಿದೆ. ಬಿಲ್ಲು ತಿಂಗಳಿಗೆ 70 ಪೌಂಡಿನ ಆಸುಪಾಸು. ಅಷ್ಟಾದರೂ ಹೀಟರ್‌ನಿಂದ ದೂರದ ತಂಪು ಬದಿ 21 ಡಿಗ್ರಿ ದಾಟಲಿಲ್ಲ. ಗಾಳಿ ಒಣಗಿ ದೊಡ್ಡ ರಾಯಲ್‌ನ ಪೊರೆ ಚೂರುಚೂರಾಗಿ ಅಂಟಿಕೊಂಡಿತು. ಊಟ ಬಿಟ್ಟಿತು. ಮೂಗಿನಲ್ಲಿ ಗುಳ್ಳೆ ಬರತೊಡಗಿತು. ಪಶುವೈದ್ಯರಿಗೆ ನೂರಿಪ್ಪತ್ತು ಪೌಂಡ್ ಕೊಟ್ಟು ಬಂದೆ.

ಅದೇ ವಾರ ಒಂದು ರಾತ್ರಿ ಸುಮ್ನೆ ಟೆಂಪರೇಚರ್ ಗನ್ ಹಿಡಿದು ಎಲ್ಲ ಕಡೆ ಅಳೆದೆ. ಮರದ ಗೋಡೆಯ ಹೊರಮೈ ಅಷ್ಟೇನೂ ಬಿಸಿ ಇರಲಿಲ್ಲ. ಮುಂದಿನ ಗಾಜು ಮುಟ್ಟಿದರೆ ಬೆಚ್ಚಗೆ! ನಾನು ಕೊಟ್ಟ ಕಾವೆಲ್ಲ ಆ ಗಾಜಿನಿಂದ ಗ್ಯಾರೇಜಿಗೆ ಹೋಗುತ್ತಿತ್ತು. ತೂತಿನ ಕೊಡಕ್ಕೆ ನೀರು ಹೊತ್ತಿದ್ದೆ, ಅಷ್ಟೇ.

ಮೂರು ವಿವೇರಿಯಂಗಳನ್ನೂ ಒಂದರ ಮೇಲೊಂದು ಇಟ್ಟೆ. ನಾಲ್ಕಡಿ ಅಗಲ, ಎರಡಡಿ ಆಳ, ಒಟ್ಟು ಆರಡಿ ಎತ್ತರ. ಸುತ್ತಲೂ 50 ಮಿಲಿಮೀಟರ್ ಪಿಐಆರ್ ಹಲಗೆ (ಕಾವು ತಡೆಯುವ ಫೋಮ್), ಕಾಂಕ್ರೀಟ್ ನೆಲದ ಮೇಲೂ ಒಂದು. ಮೂರು ಶೀಟು, ಫಾಯಿಲ್ ಟೇಪು, ಅಂಚಿಗೆ ಫೆಲ್ಟು ಸೇರಿ 130 ಪೌಂಡ್ ಇರಬೇಕು. ಮುಂದಿನ ಗಾಜಿಗೂ ಅದೇ ಹಲಗೆಯ ಬಾಗಿಲು. ಸಂಜೆ ಹಾಕುವುದು, ಬೆಳಿಗ್ಗೆ ತೆಗೆಯುವುದು. ರಾತ್ರಿ ಕತ್ತಲಿದ್ದರೆ ಹಾವಿಗೇನು ನಷ್ಟ?

ಒಂದೇ ಏಟಿಗೆ ಸರಿಹೋಯಿತು ಅಂದುಕೊಳ್ಳಬೇಡಿ. ಅವಸರದಲ್ಲಿ ಹಿಂದಿನ ಗಾಳಿಕಿಂಡಿಗಳನ್ನೂ ಮುಚ್ಚಿಬಿಟ್ಟಿದ್ದೆ. ಹತ್ತೇ ದಿನಕ್ಕೆ ಗಾಜೆಲ್ಲ ಬೆವರಿತು, ಮೂಲೆಯಲ್ಲಿ ಬೂಷ್ಟು, ವಾಸನೆ. ಎಲ್ಲ ಬಿಚ್ಚಿ ಒರೆಸಿ ಮತ್ತೆ ಕಟ್ಟಿದೆ. ಈಗ ಗಾಳಿಯೂ ಆಡುತ್ತದೆ, ಕಾವೂ ಸೋರುವುದಿಲ್ಲ. ಅದಕ್ಕೆ ರಂಧ್ರ ಎಲ್ಲಿ, ಯಾವ ಓರೆಯಲ್ಲಿ ಕೊರೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎರಡು ವಾರಾಂತ್ಯ ಹಾಳು ಮಾಡಿಕೊಂಡು ಕಲಿತದ್ದು.

ಇನ್ನೊಂದು ದಡ್ಡತನ. ಕಾರ್ನ್ ಸ್ನೇಕನ್ನು ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದೆ. ಕಾವು ಮೇಲಕ್ಕೇರುತ್ತದೆ ಅಂತ ಗೊತ್ತಿಲ್ಲದವನೇನಲ್ಲ. ಅದರ ತಂಪು ಬದಿಯೇ 29 ಆಗಿತ್ತು. ಪಾಪ, ನೀರಿನ ಬಟ್ಟಲಲ್ಲೇ ಮುದುಡಿ ಕೂತಿತ್ತು. ಈಗ ಅದು ಕೆಳಗೆ, ರಾಯಲ್‌ಗಳು ಮೇಲೆ.

ನಿಜವಾಗಿ ಹೆದರಿದ್ದು ಥರ್ಮೋಸ್ಟಾಟ್‌ಗೆ ಬಿಸಿ ಅಳೆದು ಹೇಳುವ ಪ್ರೋಬ್ ಬಿದ್ದಾಗ. ಚಿಕ್ಕ ರಾಯಲ್ ಅದನ್ನು ತಳ್ಳಿ ತಂಪು ಬದಿಗೆ ಬೀಳಿಸಿತ್ತು. ಥರ್ಮೋಸ್ಟಾಟ್‌ಗೆ ಇನ್ನೂ ಚಳಿಯೇ, ಸೆರಾಮಿಕ್ ಪೂರ್ತಿ ಉರಿಯುತ್ತಿತ್ತು. ನಾನು ನೋಡುವಾಗ ಬಿಸಿ ಬದಿ 41. ಮೊದಲಾದರೆ ಸೋರಿಕೆಯೇ ಅದನ್ನು ಕಾಪಾಡುತ್ತಿತ್ತೋ ಏನೋ. ಈ ಪೆಟ್ಟಿಗೆಯಲ್ಲಿ ಒಮ್ಮೆ ಏರಿದ ಬಿಸಿ ಇಳಿಯುವುದೇ ಇಲ್ಲ. ಅಂದೇ ಪ್ರೋಬ್‌ಗಳನ್ನು ಸ್ಕ್ರೂ ಹಾಕಿ ಬಿಗಿದೆ. ಒಂದೊಂದಕ್ಕೂ ಎರಡನೇ ಥರ್ಮೋಸ್ಟಾಟ್ ಕೊಟ್ಟೆ, 34ಕ್ಕೆ ಕರೆಂಟು ಕಡಿಯುವಂತೆ. ಆ ಖರ್ಚು ಮೇಲಿನ 130ರಲ್ಲಿ ಸೇರಿಲ್ಲ, ಹೆಂಡತಿಗೂ ಹೇಳಿಲ್ಲ.

ಈಗ 150 ತೆಗೆದು 100 ವ್ಯಾಟ್ ಹಾಕಿದ್ದೇನೆ. ಅದೂ ಅರೆಮನಸ್ಸಿನಲ್ಲೇ ಉರಿಯುತ್ತದೆ. ರಾಯಲ್‌ಗಳ ಬಿಸಿ ಬದಿ 31–32, ತಂಪು ಬದಿ 25–26. ಮೂರಕ್ಕೂ ಸೇರಿ ದಿನಕ್ಕೆ ಎರಡು ಯೂನಿಟ್ ಚಿಲ್ಲರೆ. ಹಲಗೆಯ ದುಡ್ಡು ಮೂರು ತಿಂಗಳೊಳಗೆ ವಾಪಸ್ ಬಂತು. ಊಟ ಬಿಟ್ಟಿದ್ದ ರಾಯಲ್ ಜನವರಿ ಕೊನೆಗೆ ಇಲಿ ನುಂಗಿತು. ಪೊರೆಯನ್ನೂ ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಬಿಟ್ಟಿತು.

ಕರೆಂಟು ಹೋದರೆ ಏನು ಗತಿ ಅಂತ ಕೇಳುವವರಿದ್ದಾರೆ. 2021ರ ನವೆಂಬರ್‌ನಲ್ಲಿ ಆರ್ವೆನ್ ಬಿರುಗಾಳಿ ಬಂದಾಗ ನಮಗೆ ಎರಡು ರಾತ್ರಿ ಕರೆಂಟಿರಲಿಲ್ಲ. ಹಾವುಗಳನ್ನು ದಿಂಬಿನ ಚೀಲಕ್ಕೆ ಹಾಕಿ, ಕ್ಯಾಂಪಿಂಗ್ ಸ್ಟೌ ಮೇಲೆ ನೀರು ಕಾಯಿಸಿ, ಬಿಸಿನೀರಿನ ಚೀಲಗಳ ಜೊತೆ ಕಂಬಳಿಯಲ್ಲಿ ಸುತ್ತಿಟ್ಟಿದ್ದೆ. ಆ ನೆನಪಿಗೆ ಒಂದು ಭಾನುವಾರ ಹಾವುಗಳನ್ನು ಡಬ್ಬಿಗಳಲ್ಲಿ ಮನೆಯೊಳಗೆ ಇಟ್ಟು ಮೇನ್ ಆರಿಸಿ ನೋಡಿದೆ. ಆರು ಗಂಟೆಯಲ್ಲಿ 26 ಇದ್ದದ್ದು 17ಕ್ಕೆ ಇಳಿಯಿತು. ಸಂದುಗಳಲ್ಲಿ ನೀರು ತುಂಬಿದ ಎರಡು ಲೀಟರಿನ ಹತ್ತು ಹಾಲಿನ ಕ್ಯಾನು ಇಟ್ಟು, ಮುಂದಿನ ವಾರ ಮತ್ತೆ ಆರಿಸಿದೆ. 20ರ ಹತ್ತಿರ ನಿಂತಿತು. ಬಿಟ್ಟಿ ಕ್ಯಾನುಗಳು, ಜಾಸ್ತಿ ಏನೂ ಬೇಕಿಲ್ಲ ಅಲ್ವಾ?

ಮೇ ಬಂದ ಮೇಲೆ ಮುಂದಿನ ಬಾಗಿಲು ಹಾಕಬೇಡಿ, ತಂಪು ಬದಿ ಅನ್ನುವುದೇ ಉಳಿಯುವುದಿಲ್ಲ.

ನನ್ನನ್ನು ನೋಡಿ ನಕ್ಕಿದ್ದ ಒಬ್ಬರು ಮೊನ್ನೆ ಅಳತೆ ಟೇಪು ಹಿಡಿದು ಬಂದಿದ್ದರು. ಹಲಗೆ ತೋರಿಸಿದೆ, ಚಹಾ ಕೊಟ್ಟೆ. ಹಿಂದಿನ ರಂಧ್ರ ಮಾತ್ರ ಕಾಣದ ಹಾಗೆ ನಿಂತಿದ್ದೆ.