ಸೋಸಿದ ಮೇಲೆ ಉಳಿಯುವ ಬಣ್ಣ

ಮಲೆನಾಡಿನ ಒಂದು ನೀರು ಪರೀಕ್ಷೆ ಲ್ಯಾಬಿನಲ್ಲಿ ನನ್ನ ಕೆಲಸ. ಮಳೆಗಾಲ ಶುರುವಾದರೆ ಕೆಂಪು, ಹಳದಿ ನೀರಿನ ಬಾಟಲಿಗಳು ಮೇಜಿನ ತುಂಬ. ತಂದವರು ಬಾಟಲಿ ಎತ್ತಿ ಹಿಡಿದು "ಬಣ್ಣ ಎಷ್ಟಿದೆ ನೋಡಿ ಮೇಡಂ" ಅಂತಾರೆ. ನಾನು ಮೊದಲು ಸೋಸುತ್ತೇನೆ.

0.45 ಮೈಕ್ರಾನ್ ಫಿಲ್ಟರಿನಲ್ಲಿ ಇಳಿಸಿದರೆ ಎಷ್ಟೋ ಸಲ ಕೆಂಪೆಲ್ಲ ಹಾಳೆಯ ಮೇಲೇ ಕೂರುತ್ತದೆ. ಅದು ಮಣ್ಣು, ಕದಡಿನ ಲೆಕ್ಕಕ್ಕೆ ಹೋಗಬೇಕಾದ್ದು. ಕೆಳಗಿಳಿದ ನೀರಿನಲ್ಲಿ ಉಳಿದದ್ದೇ ನಿಜವಾದ ಬಣ್ಣ. ಕಾಡಿನ ಕೆರೆ, ಹಳ್ಳದ ನೀರಾದರೆ ತೆಳು ಚಹಾದಂಥ ಹಳದಿ ಹಾಗೇ ಇರುತ್ತದೆ. ಕೊಳೆತ ಎಲೆ ಬಿಟ್ಟ ಬಣ್ಣ ಅದು.

ಅಳತೆಗೆ ಹೇಜನ್ ಯೂನಿಟ್. ಅಮೆರಿಕದ ಅಲೆನ್ ಹೇಜನ್ 1892ರಲ್ಲಿ ಕೊಟ್ಟ ಪ್ಲಾಟಿನಂ-ಕೋಬಾಲ್ಟ್ ವಿಧಾನವೇ ಇವತ್ತಿಗೂ ನಡೆಯುತ್ತಿದೆ: ಆ ಉಪ್ಪುಗಳ ಹಳದಿ ದ್ರಾವಣದ ಪಕ್ಕ ನೀರನ್ನಿಟ್ಟು ಬಣ್ಣ ಹೋಲಿಸುವುದು. 500 ಯೂನಿಟ್‌ನ ಮೂಲ ದ್ರಾವಣದಿಂದ ಅರ್ಧ ಎಂಎಲ್ ತೆಗೆದು 50 ಎಂಎಲ್‌ಗೆ ತುಂಬಿಸಿದರೆ 5 ಯೂನಿಟ್. ಒಂದೂವರೆ ಎಂಎಲ್ ಹಾಕಿದರೆ 15. ಹೀಗೆ 70ರವರೆಗೆ ನೆಸ್ಲರ್ ಟ್ಯೂಬುಗಳ (ಚಪ್ಪಟೆ ತಳದ ಉದ್ದ ಗಾಜಿನ ಕೊಳವೆಗಳು) ಸಾಲು. ಪ್ಲಾಟಿನಂ ಉಪ್ಪು ದುಬಾರಿ, ಸುಮ್ನೆ ಚೆಲ್ಲೋ ಹಾಗಿಲ್ಲ. ಅಮೋನಿಯಾ ಆವಿ ತಾಗಿದರೆ ಬಣ್ಣ ಏರುತ್ತದೆ, ಅದಕ್ಕೇ ಮುಚ್ಚಳ ಹಾಕಿಡುತ್ತೇನೆ.

ಟ್ಯೂಬಿನ ಪಕ್ಕದಿಂದ ನೋಡಿದರೆ 5 ಯಾವುದು, 10 ಯಾವುದು ಗೊತ್ತೇ ಆಗಲ್ಲ. ಕೆಳಗೆ ಬಿಳಿ ಟೈಲ್ಸ್ ಇಟ್ಟು ಮೇಲಿನಿಂದ ಬಗ್ಗಿ ನೋಡಬೇಕು. ಆಗ ನೀರಿನ ಪೂರ್ತಿ ಆಳದ ಬಣ್ಣ ಕಣ್ಣಿಗೆ ಬರುತ್ತದೆ. 70 ದಾಟಿದರೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಒಟ್ಟು ನೀರು ಮೊದಲಿನ ಎಷ್ಟು ಪಟ್ಟಾಯಿತೋ ಅಷ್ಟರಿಂದ ಗುಣಿಸುತ್ತೇನೆ. ಪಕ್ಕದಲ್ಲಿ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಬರೆಯಲೇಬೇಕು. ಪಿಎಚ್ ಏರಿದರೆ ಎಲೆಯ ಬಣ್ಣ ಗಾಢವಾಗುತ್ತದೆ.

ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಬಣ್ಣ 5 ಯೂನಿಟ್‌ವರೆಗೆ ಸರಿ. ಬೇರೆ ನೀರಿನ ಮೂಲ ಇಲ್ಲದಿದ್ದರೆ 15ರವರೆಗೆ ನಡೆಯುತ್ತದೆ. 5ರ ಒಳಗಿದೆ ಅಂದ ಮಾತ್ರಕ್ಕೆ ಕುಡಿಯಬಹುದು ಅಂತಲ್ಲ. ರೋಗಾಣುವಿಗೆ ಬಣ್ಣವಿಲ್ಲ, ಅದರ ಪರೀಕ್ಷೆ ಬೇರೆ.

ಬೋರ್‌ವೆಲ್ ನೀರಿನ ಕಥೆಯೇ ಬೇರೆ. ಎತ್ತಿದಾಗ ತಿಳಿಯಾಗಿರುತ್ತದೆ, ಕೊಡದಲ್ಲಿಟ್ಟರೆ ಸಂಜೆಗೆ ತುಕ್ಕಿನ ಬಣ್ಣ. ನೀರಿನಲ್ಲಿ ಕರಗಿದ್ದ ಕಬ್ಬಿಣಕ್ಕೆ ಗಾಳಿ ತಾಗಿದ್ದರ ಪರಿಣಾಮ. ಹಾಗಾಗಿ ಸೋಸುವ ಮೊದಲಿನದು, ನಂತರದ್ದು, ಎರಡನ್ನೂ ರಿಪೋರ್ಟಿನಲ್ಲಿ ಬರೆಯುತ್ತೇನೆ.

"ಬ್ಲೀಚಿಂಗ್ ಪೌಡರ್ ಹಾಕಿದ್ರೆ ಹೋಗುತ್ತೆ ಅಲ್ವಾ?" ಅಂತ ಕೇಳುವವರು ಜಾಸ್ತಿ. ಎಲೆಯ ಬಣ್ಣವಾದರೆ ಮಾಸುತ್ತದೆ, ಆದರೆ ಕ್ಲೋರಿನ್ ಅದರ ಜೊತೆ ಸೇರಿ ಕ್ಲೋರೋಫಾರ್ಮಿನಂಥ ಬೇಡದ ವಸ್ತುಗಳನ್ನೂ ಹುಟ್ಟಿಸುತ್ತದೆ. ಕಬ್ಬಿಣವಾದರೆ ತಿಳಿನೀರೇ ಕಂದು ತಿರುಗುತ್ತದೆ. ಮೊದಲನೆಯದಕ್ಕೆ ಆಲಂ ಹಾಕಿ ತಿಳಿಗೊಳಿಸಿ, ಸೋಸಿ, ಆಮೇಲೆ ಕ್ಲೋರಿನ್ ಹಾಕಿ ಅನ್ನುತ್ತೇನೆ. ಎರಡನೆಯದಕ್ಕೆ ಗಾಳಿಯಾಡಿಸಿ ಮರಳಿನಲ್ಲಿ ಸೋಸಿ ಅನ್ನುತ್ತೇನೆ.