ಉಗಾಂಡಾ ಬಿಸಿಲಲ್ಲಿ ಚರ್ಚ್ ಫ್ಲೋರ್ ಬಿರುಕು ಬಿಡ್ತಿತ್ತು, ಹೀಗೆ ಸರಿ ಮಾಡಿದ್ವಿ

ಉಗಾಂಡಾದ ಮಸಾಕಾ ಹತ್ರ ಒಂದು ಹಳ್ಳೀಲಿ ಚರ್ಚ್ ಕಟ್ಟೋಕೆ ನಮ್ಮ ಗುಂಪು ವಾಲಂಟಿಯರ್ ಆಗಿ ಹೋಗಿತ್ತು, ಜುಲೈ ಅಂದ್ರೆ ಅಲ್ಲಿ ಮಳೆ ಕಮ್ಮಿ, ಬಿಸಿಲಿನ ಜೊತೆಗೆ ಗಾಳಿ ಬೇರೆ. ಕಾಂಕ್ರೀಟ್ ಹಾಕಿ ಊಟ ಮುಗಿಸಿ ಬರೋಷ್ಟ್ರಲ್ಲಿ ಮೇಲೆಲ್ಲಾ ಕೂದಲೆಳೆ ಬಿರುಕು! ಸಿಮೆಂಟೇ ಸರಿ ಇಲ್ಲ ಅಂತ ಕೆಲವರು ಶುರು ಹಚ್ಕೊಂಡ್ರು, ಆದ್ರೆ ವಿಷ್ಯ ಅದಲ್ಲ, ಸೆಟ್ ಆಗೋಕೆ ಮುಂಚೆನೇ ಮೇಲಿನ ನೀರು ಆರಿ ಹೋಗ್ತಿತ್ತು.

ಉಳಿದ ಭಾಗಕ್ಕೆ ಬೆಳಕು ಹರಿಯೋ ಹೊತ್ತಿಗೇ ಕೆಲಸ ಶುರು ಮಾಡಿದ್ವಿ, ಕೆಳಗಿನ ಮಣ್ಣಿಗೆ ಹಿಂದಿನ ರಾತ್ರಿನೇ ಚೆನ್ನಾಗಿ ನೀರು ಕುಡಿಸಿದ್ವಿ. 50 ಕೆಜಿ ಸಿಮೆಂಟ್ ಮೂಟೆಗೆ 25 ಲೀಟರ್ ನೀರು, ಅಂದ್ರೆ ಅಲ್ಲಿನ 20 ಲೀಟರ್ ಹಳದಿ ಜೆರಿಕ್ಯಾನ್ ಲೆಕ್ಕದಲ್ಲಿ ಒಂದೂಕಾಲು, ಮರಳು ಒದ್ದೆ ಇದ್ರೆ ಇನ್ನೂ ಕಮ್ಮಿ. ಕಲಸಿದ್ದು ಗಟ್ಟಿ ಆಯ್ತು ಅಂತ ಮೇಸ್ತ್ರಿ ನೀರು ಸುರಿಯೋಕೆ ಬಂದ್ರೆ ಬಿಡ್ಬೇಡಿ (ಈ ವಿಷ್ಯದಲ್ಲಿ ಮೇಸ್ತ್ರಿಗಳು ಎಲ್ಲಾ ದೇಶದಲ್ಲೂ ಒಂದೇ).

ಮುಚ್ಚೋಕೆ ಗೋಣಿಚೀಲ ಸಾಲ್ಲಿಲ್ಲ, ಆಗ ಊರಿನ ಅಜ್ಜಿ ಒಬ್ರು ಮಟೋಕೆ (ಅಲ್ಲಿನ ಬಾಳೆಕಾಯಿ ಅಡುಗೆ) ಸುತ್ತಿ ಬೇಯಿಸೋ ಬಾಳೆಎಲೆ ತಂದು ಇದನ್ನೇ ಹಾಸಿ ಅಂದ್ರು. ಎಲೆ ಹಾಸಿ, ಹಾರದಂಗೆ ಅಂಚಿಗೆ ಇಟ್ಟಿಗೆ ಇಟ್ಟು, 7 ದಿನ ಒಣಗೋಕೆ ಬಿಡದೆ ನೀರು ಚಿಮುಕಿಸಿದ್ವಿ. ಒಂದೂ ಬಿರುಕಿಲ್ಲ. ಹಳೇ ಬಿರುಕಿಗೆ ಸಿಮೆಂಟ್ ಹಾಲು (ನೀರಲ್ಲಿ ತೆಳ್ಳಗೆ ಕಲಸಿದ ಸಿಮೆಂಟ್) ಉಜ್ಜಿದ್ವಿ, ಅಷ್ಟೇ ಸಾಕಾಯ್ತು.